ಎಮ್ಮೆಗೆ ತೋರಿಸುವ ತಾಳ್ಮೆ ಹೆಣ್ಣುಮಕ್ಕಳಿಗೂ ಸಿಗಲಿ: ಹೆರಿಗೆ ಕೋಣೆಗಳ ಕುರಿತು ಒಂದು ಬಹಿರಂಗ ಪತ್ರ

ಗೆ,
ಹಾವೇರಿ, ಗದಗ ಮತ್ತು ಧಾರವಾಡ ಜಿಲ್ಲೆಗಳ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ,
ಹಾಗೂ ಈ ಜಿಲ್ಲೆಗಳ ಸರ್ಕಾರಿ, ಖಾಸಗಿ ಹೆರಿಗೆ ಆಸ್ಪತ್ರೆಗಳ ವೈದ್ಯರಿಗೆ ಮತ್ತು ಶುಶ್ರೂಷಕಿಯರಿಗೆ

ವಿಷಯ: ಹೆರಿಗೆ ಕೋಣೆಯಲ್ಲಿನ ಅವಸರ ಮತ್ತು ಅನಗತ್ಯ ಹಸ್ತಕ್ಷೇಪವನ್ನು ತಡೆಯುವ ಬಗ್ಗೆ

ಮಾನ್ಯರೇ,

ಪಶುಸಂಗೋಪನಾ ಇಲಾಖೆಯಲ್ಲಿ ಪಶುವೈದ್ಯಕೀಯ ಪರಿವೀಕ್ಷಕನಾಗಿ ಸವಣೂರು, ಶಿಗ್ಗಾವಿ, ಲಕ್ಷ್ಮೇಶ್ವರ ಭಾಗದ ಹಳ್ಳಿಗಳಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು ನಾನು. ಮನುಷ್ಯರ ವೈದ್ಯಶಾಸ್ತ್ರ ಓದಿದವನಲ್ಲ. ಆಕಳು, ಎಮ್ಮೆ, ಆಡು, ಕುರಿಗಳು ಈಯುವ ಹೊತ್ತಿನಲ್ಲಿ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕಾದು ಕುಳಿತವನು. ಕಳೆದ ವರ್ಷ ಮಗಳ ಚೊಚ್ಚಲು ಹೆರಿಗೆಯ ದಿನ ಆಸ್ಪತ್ರೆಯ ಬಾಗಿಲ ಹೊರಗೆ ನಿಂತವನು. ಈ ಎರಡು ಅನುಭವಗಳಿಂದ ಹುಟ್ಟಿದ ಒಂದು ದೂರನ್ನೂ ಕೆಲವು ಬೇಡಿಕೆಗಳನ್ನೂ ತಮ್ಮ ಮುಂದಿಡುತ್ತಿದ್ದೇನೆ. ಮೂರು ಜಿಲ್ಲೆಗಳ ಅಧಿಕಾರಿಗಳಿಗೆ ಒಟ್ಟಿಗೆ ಬರೆಯಲು ಕಾರಣವಿದೆ. 1997ರವರೆಗೆ ಒಂದೇ ಧಾರವಾಡ ಜಿಲ್ಲೆಯಾಗಿದ್ದ ಈ ಪ್ರದೇಶದಲ್ಲಿ ಬಸುರಿಗೆ ತೊಂದರೆ ಬಂದರೆ ವಾಹನ ಹೊರಡುವುದು ಇಂದಿಗೂ ಹೆಚ್ಚಾಗಿ ಹುಬ್ಬಳ್ಳಿಯ ಕಡೆಗೇ. ಹಾಗಾಗಿ ಒಂದು ಕಡೆಯ ಅವಸರದ ಫಲವನ್ನು ಇನ್ನೊಂದು ಕಡೆಯವರು ಉಣ್ಣಬೇಕಾಗುತ್ತದೆ.

ಆಸ್ಪತ್ರೆ ಬಿಟ್ಟು ಮನೆಯಲ್ಲೇ ಹೆರಬೇಕೆಂದು ನಾನು ವಾದಿಸುತ್ತಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂದು ನಮ್ಮ ಹಿರಿಯರು ಅಂದದ್ದು ಸುಮ್ಮನೆ ಅಲ್ಲ. ನಮ್ಮ ಊರಲ್ಲೇ ಹೆತ್ತ ರಾತ್ರಿ ರಕ್ತ ನಿಲ್ಲದೆ ತೀರಿಕೊಂಡವರ ಮಕ್ಕಳು ಈಗಲೂ ನಮ್ಮ ನಡುವೆ ಇದ್ದಾರೆ. ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರ ಓಡಾಟ, 108 ವಾಹನ ಇವೆಲ್ಲದರಿಂದ ರಾಜ್ಯದ ನೂರರಲ್ಲಿ ಸುಮಾರು 97 ಹೆರಿಗೆಗಳು ಈಗ ಆಸ್ಪತ್ರೆಯಲ್ಲೇ ಆಗುತ್ತಿವೆ. ಇದು ದೊಡ್ಡ ಸಾಧನೆ, ಇದನ್ನು ಹಿಂದಕ್ಕೆ ತಿರುಗಿಸುವ ಮಾತು ಯಾರ ಬಾಯಲ್ಲೂ ಬರಬಾರದು. ಎಲ್ಲ ಹೆಣ್ಣುಮಕ್ಕಳನ್ನೂ ಆಸ್ಪತ್ರೆಗೆ ಕರೆತಂದ ಮೇಲೆ ಅಲ್ಲಿ ಅವರನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ನನ್ನ ಮಗಳ ತಾಯಿ ಕಾರ್ಡಿನಲ್ಲಿ ಎಲ್ಲವೂ ಸರಿಯಾಗಿತ್ತು. ರಕ್ತದೊತ್ತಡ ಸರಿ, ರಕ್ತದ ಪ್ರಮಾಣ ಸರಿ, ಮಗುವಿನ ತಲೆ ಕೆಳಗೆ. ಬೆಳಗಿನ ಜಾವ ಬ್ಯಾನಿ ಶುರುವಾದ ಮೇಲೆ ನಮ್ಮ ಭಾಗದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಅದರ ಹೆಸರು ಬರೆಯುತ್ತಿಲ್ಲ, ಏಕೆಂದರೆ ಇಂಥದ್ದು ಅದೊಂದರಲ್ಲೇ ನಡೆಯುತ್ತದೆಂದು ನಾನು ನಂಬಿಲ್ಲ. ಬಾಗಿಲ ಹೊರಗಿನದನ್ನು ನಾನು ಕಂಡಂತೆ, ಒಳಗಿನದನ್ನು ಮಗಳು ಹೇಳಿದಂತೆ ಬರೆಯುತ್ತೇನೆ.

ಆಸ್ಪತ್ರೆಯ ಅಂಗಳದಲ್ಲಿ ತಾಯಿಯ ಕೈಹಿಡಿದು ಅಡ್ಡಾಡುವಾಗ ಅವಳಿಗೆ ಬ್ಯಾನಿ ಚೆನ್ನಾಗಿ, ಹದವಾಗಿ ಬರುತ್ತಿತ್ತು. ನಡುವೆ ನಿಂತು ಬೇವಿನ ಗಿಡಕ್ಕೆ ಆನಿಕೊಳ್ಳುವುದು, ಮತ್ತೆ ನಡೆಯುವುದು. ಒಳಗೆ ಸೇರಿಸಿಕೊಂಡ ಕೂಡಲೇ ತಾಯಿಯನ್ನು ಹೊರಗೆ ಕಳಿಸಿ, ಮಗಳನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರು. ಒಂದು ಗುಟುಕು ನೀರಿಗೂ ಅನುಮತಿ ಇರಲಿಲ್ಲ. ಕೆಲ ಹೊತ್ತಿಗೆ ಬ್ಯಾನಿ ಸಡಿಲವಾಯಿತು, ಸಡಿಲವಾಯಿತೆಂದು ಸಲೈನಿನಲ್ಲಿ ಬ್ಯಾನಿ ಬರುವ ಔಷಧಿ ಹಾಕಿದರು, ಹಾಕುವ ಮುನ್ನ ಅವಳಿಗಾಗಲಿ ನಮಗಾಗಲಿ ಯಾರೂ ಒಂದು ಮಾತು ಹೇಳಲಿಲ್ಲ. ಆಮೇಲಿನ ಬ್ಯಾನಿಗೆ ಬಿಡುವೇ ಇರಲಿಲ್ಲವಂತೆ. ಚೀರಿದ್ದಕ್ಕೆ "ನಿನಗ ಒಬ್ಬಾಕಿಗೇ ಬ್ಯಾನಿ ಬಂದೈತೇನು, ಬಾಯಿ ಮುಚ್ಚು" ಎಂಬ ಮಾತು. ಕೊನೆಯಲ್ಲಿ ಒಬ್ಬರು ಪಕ್ಕದಲ್ಲಿ ನಿಂತು ಮೊಣಕೈಯಿಂದ ಹೊಟ್ಟೆ ಒತ್ತಿದರು, ಇನ್ನೊಬ್ಬರು ಕೆಳಗೆ ಕೊಯ್ದರು. ಮಗು ಹುಟ್ಟಿದ ಕೂಡಲೇ ಅತ್ತದ್ದನ್ನು ಹೊರಗಿದ್ದ ನಾವೆಲ್ಲ ಕೇಳಿದೆವು. ಆರೋಗ್ಯವಾಗಿದ್ದ ಆ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಕೋಣೆಯಲ್ಲಿ ಇಟ್ಟರು. ತಾಯಿಯ ಎದೆಗೆ ಅದು ಬಂದದ್ದು ಹೊಲಿಗೆಯೆಲ್ಲ ಮುಗಿದು, ಪಾಳಿ ಬದಲಾಗಿ, ಹೊಸದಾಗಿ ಬಂದ ಸಿಸ್ಟರ್ ಕೇಳಿದ ಮೇಲೆ.

ಅದೇ ದಿನ ಮಧ್ಯಾಹ್ನ ಸೇರಿದ್ದ ಇನ್ನೊಬ್ಬ ಚೊಚ್ಚಲು ಬಸುರಿಯನ್ನು ಸಂಜೆಗೆ ಸಿಜೇರಿಯನ್ನಿಗೆ ಒಯ್ದರು. ಆ ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ ಎಂದು ಹೇಳುವ ಅರ್ಹತೆ ನನಗಿಲ್ಲ. ಗರ್ಭಕೋಶದ "ಬಾಯಿ ತೆರೀವಲ್ದು" ಎಂಬ ಒಂದೇ ಮಾತು ಕೇಳಿ ಆಕೆಯ ಮನೆಯವರು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದನ್ನು ಮಾತ್ರ ಕಣ್ಣಾರೆ ಕಂಡೆ.

ಈಗ ಕೊಟ್ಟಿಗೆಯ ಮಾತು. ಈಯುವ ದಿನ ಹತ್ತಿರ ಬಂದ ಆಕಳ ಬಾಲದ ಬುಡದ ಎರಡೂ ಬದಿ ಗುಳಿ ಬೀಳುತ್ತದೆ, ಕೆಚ್ಚಲು ಬಿಗಿಯುತ್ತದೆ, ಮೇವು ಬಿಟ್ಟು ಒಂದು ಮೂಲೆ ಹುಡುಕುತ್ತದೆ. ಏಳುತ್ತದೆ, ಮಲಗುತ್ತದೆ, ತಿರುಗಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತದೆ. ಇದು ಎರಡರಿಂದ ಆರು ತಾಸು ನಡೆಯಬಹುದು, ಮೊದಲ ಸೂಲಿನ ಕಡಸಿಗೆ ಇನ್ನೂ ಹೆಚ್ಚು. ಈ ಹೊತ್ತಿನಲ್ಲಿ ನಾವು ರೈತನಿಗೆ ಹೇಳುವುದು ಇಷ್ಟೇ: ಹುಲ್ಲು ಹಾಸು, ನೀರಿಡು, ಬಿಗಿಯಾಗಿ ಕಟ್ಟಬೇಡ, ಗುಂಪು ಕೂಡಿಸಬೇಡ, ದೂರ ನಿಂತು ನೋಡು. ನೀರಿನ ಚೀಲ ಕಾಣಿಸಿ, ಆಮೇಲೆ ಎರಡು ಮುಂಗಾಲು, ಅವುಗಳ ಮೇಲೆ ಮೂಗು ಬಂದರೆ ಎಲ್ಲವೂ ಸರಿ. ಚೀಲ ಒಡೆದು ಒಂದೆರಡು ತಾಸಾದರೂ ಮುಂದುವರಿಯದಿದ್ದರೆ, ಒಂದೇ ಕಾಲು ಬಂದಿದ್ದರೆ, ಬಾಲ ಮೊದಲು ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಯಬೇಕು. ಎಳೆಯಲೇಬೇಕಾಗಿ ಬಂದರೂ ಆಕಳು ತಾನೇ ಮುಕ್ಕುವಾಗ ಮಾತ್ರ, ಕೆಳಮುಖವಾಗಿ ಎಳೆಯಬೇಕು. ಅದು ಸುಮ್ಮನಾದಾಗ ನಾವೂ ಸುಮ್ಮನಾಗಬೇಕು. ನಾನು ಕಂಡ ಹಾನಿಗಳಲ್ಲಿ ಹೆಚ್ಚಿನವು ಕಾದದ್ದರಿಂದ ಆದವಲ್ಲ. ಕಾಲು ಕಂಡ ಕೂಡಲೇ ನಾಲ್ಕು ಜನ ಹಗ್ಗ ಕಟ್ಟಿ ಜಗ್ಗಿದ್ದರಿಂದ ಆದವು.

ಮೇವುಂಡಿಯ ಕಡೆಯ ಒಂದು ಕೊಟ್ಟಿಗೆಯಲ್ಲಿ ಜರ್ಸಿ ಮಿಶ್ರತಳಿಯ ಕಡಸೊಂದು ಬ್ಯಾನಿ ತಿನ್ನುತ್ತಿತ್ತು. ನಾನು ಹೋಗುವಷ್ಟರಲ್ಲಿ ಓಣಿಯ ಮಕ್ಕಳೆಲ್ಲ ಬಾಗಿಲಲ್ಲಿ, ಮೇಲೆ ಎರಡು ದೀಪ, ಮೂಲೆಯಲ್ಲಿ ಬೊಗಳುವ ನಾಯಿ. ಕಡಸು ಕಿವಿ ನೆಟ್ಟಗೆ ಮಾಡಿ ನಿಂತುಬಿಟ್ಟಿತ್ತು, ಬ್ಯಾನಿ ಪೂರ್ತಿ ನಿಂತಿತ್ತು. ಒಳಗೆ ಕೈಹಾಕಿ ಕರು ಸರಿಯಾಗಿದೆಯೆಂದು ಖಾತ್ರಿ ಮಾಡಿಕೊಂಡು, ಎಲ್ಲರನ್ನೂ ಹೊರಗೆ ಕಳಿಸಿ, ಒಂದು ದೀಪ ಆರಿಸಿ, ದಿನಾ ಹಿಂಡುತ್ತಿದ್ದ ಮನೆಯ ಯಜಮಾನತಿ ಒಬ್ಬಳನ್ನೇ ಒಳಗೆ ಬಿಟ್ಟೆ. ನಾವು ಕಟ್ಟೆಯ ಮೇಲೆ ಚಹಾ ಕುಡಿದು ಮುಗಿಸುವಷ್ಟರಲ್ಲಿ "ಬರ್ರಿ, ಕರ ಬಿತ್ತು" ಎಂದು ಆಕೆ ಒಳಗಿಂದ ಕೂಗಿದಳು.

ಇದರಲ್ಲಿ ಪವಾಡವೇನೂ ಇಲ್ಲ, ಶರೀರಶಾಸ್ತ್ರವಿದೆ, ಮತ್ತು ಆ ಶಾಸ್ತ್ರ ಮನುಷ್ಯರಿಗೂ ಅನ್ವಯಿಸುತ್ತದೆ. ಗರ್ಭಕೋಶದ ಬಾಯಿ ಮತ್ತು ಹೆರಿಗೆ ದಾರಿ ಹಿಗ್ಗಿದಷ್ಟೂ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೆಚ್ಚು ಹೊರಬರುತ್ತದೆ, ಅದು ಬ್ಯಾನಿಯನ್ನು ಇನ್ನಷ್ಟು ಬಲಪಡಿಸುತ್ತದೆ. ಇದನ್ನು 1941ರಲ್ಲೇ ಮೊಲಗಳಲ್ಲಿ ತೋರಿಸಿದ ಫರ್ಗುಸನ್ ಎಂಬ ವಿಜ್ಞಾನಿಯ ಹೆಸರಿನಿಂದಲೇ ಈ ಕ್ರಿಯೆಯನ್ನು ಇಂದಿಗೂ ಕರೆಯುತ್ತಾರೆ. ಅಂಜಿಕೆಯಾದಾಗ ಬರುವ ಅಡ್ರಿನಾಲಿನ್ ಈ ಸರಪಳಿಯನ್ನು ಕಡಿಯುತ್ತದೆ. 1960ರ ದಶಕದಲ್ಲಿ ಅಮೆರಿಕದ ನೈಲ್ಸ್ ನ್ಯೂಟನ್ ಮತ್ತು ಸಂಗಡಿಗರು ಹೆರುತ್ತಿರುವ ಇಲಿಗಳನ್ನು ಎತ್ತಿ ಬೇರೆ ಜಾಗಕ್ಕೆ ಹಾಕಿ ನೋಡಿದರು. ತೊಂದರೆಗೊಳಗಾದ ಇಲಿಗಳ ಹೆರಿಗೆ ನಿಧಾನವಾಯಿತು, ಸತ್ತು ಹುಟ್ಟಿದ ಮರಿಗಳೂ ಹೆಚ್ಚಿದವು. ಅಂಗಳದಲ್ಲಿ ಚೆನ್ನಾಗಿ ಬರುತ್ತಿದ್ದ ನನ್ನ ಮಗಳ ಬ್ಯಾನಿ ಮೇಜಿನ ಮೇಲೆ ಸಡಿಲವಾದದ್ದು ನನಗೆ ಅಚ್ಚರಿ ತರಲಿಲ್ಲ. ಸಡಿಲವಾಗುವಂತೆ ಮಾಡಿ, ಆಮೇಲೆ ಸಡಿಲವಾಯಿತೆಂದು ಔಷಧಿ ಹಾಕುವುದನ್ನು ಚಿಕಿತ್ಸೆ ಎಂದು ಕರೆಯುವುದು ಕಷ್ಟ.

ಬ್ಯಾನಿ ಬರಲೆಂದು ಸಲೈನಿನಲ್ಲಿ ಹಾಕುವ ಔಷಧಿಯೂ ಆಗಿರುವ ಈ ಆಕ್ಸಿಟೋಸಿನ್ ನಮ್ಮ ಇಲಾಖೆಯವರಿಗೆ ಹೊಸದಲ್ಲ. ಎಮ್ಮೆ ತೊರೆ ಬಿಡಲೆಂದು ದಿನಾ ಎರಡು ಹೊತ್ತು ಈ ಸೂಜಿ ಚುಚ್ಚುವ ದುರಭ್ಯಾಸದ ವಿರುದ್ಧ ನಾವು ಹಳ್ಳಿಹಳ್ಳಿಗೆ ಹೋಗಿ ಹೇಳಿದ್ದೇವೆ. ಹಾಲು ಹೆಚ್ಚಿಸಲು ಆರೋಗ್ಯಕ್ಕೆ ಹಾನಿಯಾಗುವ ಚುಚ್ಚುಮದ್ದು ಕೊಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 12ನೇ ಕಲಮಿನ ಪ್ರಕಾರ ಅಪರಾಧ. ಎಮ್ಮೆಯ ಪರವಾಗಿ ಕಾಯ್ದೆ ಮಾತಾಡುತ್ತದೆ, ಸಂತೋಷ. ಇದೇ ಔಷಧಿ ಸಕಾಲದಲ್ಲಿ ಸಿಕ್ಕರೆ ಪ್ರಾಣ ಉಳಿಸುತ್ತದೆ ಎಂಬುದನ್ನೂ ಬಲ್ಲೆ: ಮಗು ಹುಟ್ಟಿದ ಕೂಡಲೇ ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಬಾಣಂತಿಯ ರಕ್ತಸ್ರಾವವನ್ನು ತಡೆಯುತ್ತದೆ, ಅದನ್ನು ಯಾರೂ ತಪ್ಪಿಸಬಾರದು. ಕಾರಣ ಬರೆಯದೆ, ಮಗುವಿನ ಎದೆಬಡಿತವನ್ನು ಮತ್ತೆ ಮತ್ತೆ ಕೇಳದೆ, ಹೆರಿಗೆ ಬೇಗ ಮುಗಿಯಲಿ ಎಂಬುದಕ್ಕಾಗಿ ಅದನ್ನು ಹನಿಹನಿಯಾಗಿ ಬಿಡುವುದಷ್ಟೇ ನನ್ನ ಆಕ್ಷೇಪ.

"ದನಕ್ಕೂ ಮನುಷ್ಯರಿಗೂ ಹೋಲಿಕೆಯೇ?" ಎಂದು ತಾವು ಕೇಳಬಹುದು. ಕೇಳಲೇಬೇಕು. ಎರಡು ಕಾಲ ಮೇಲೆ ನಿಲ್ಲುವ ಮನುಷ್ಯಳ ಹೆರಿಗೆ ದಾರಿ ಇಕ್ಕಟ್ಟು, ಕೂಸಿನ ತಲೆ ದೊಡ್ಡದು. ಅದು ತಿರುತಿರುಗಿ ಹೊರಬರಬೇಕು. ಆಕಳ ಮಾಸು ತಾಯಿಯ ರಕ್ತನಾಳಗಳೊಳಗೆ ಬೇರು ಬಿಡುವುದಿಲ್ಲ, ಹಾಗಾಗಿ ಅದು ಬಿಡಿಸಿಕೊಳ್ಳುವಾಗ ರಕ್ತ ಹೋಗುವುದು ಕಡಿಮೆ; ಹೆಣ್ಣಿನ ಮಾಸು ಆಳಕ್ಕೆ ಇಳಿದಿರುತ್ತದೆ, ಅದಕ್ಕೇ ಹೆರಿಗೆಯ ನಂತರದ ರಕ್ತಸ್ರಾವ ಇಷ್ಟೊಂದು ತಾಯಂದಿರನ್ನು ಕೊಲ್ಲುತ್ತದೆ. ಅಷ್ಟೇ ಏಕೆ, ಪಶುಗಳಲ್ಲೂ ಎಲ್ಲವೂ ತಾನಾಗಿಯೇ ಆಗುವುದಿಲ್ಲ. ಧಾರವಾಡಿ ಎಮ್ಮೆ ದೇಶದ ಅಧಿಕೃತ ತಳಿಗಳ ಪಟ್ಟಿಗೆ ಸೇರಿದೆಯೆಂದು ನಾವು ಹೆಮ್ಮೆ ಪಡುತ್ತೇವೆ, ಆದರೆ ಎಮ್ಮೆಗಳಲ್ಲಿ ಗರ್ಭಕೋಶ ತಿರುಚಿಕೊಳ್ಳುವ ತೊಂದರೆ ಸಾಮಾನ್ಯ. ಆಗ ಎಮ್ಮೆಯನ್ನು ತಿರುಚು ಇರುವ ಮಗ್ಗುಲಿಗೆ ಕೆಡವಿ, ಹೊಟ್ಟೆಯ ಮೇಲೆ ಹಲಗೆ ಇಟ್ಟು ಒಬ್ಬ ಅದರ ಮೇಲೆ ನಿಂತು, ಉಳಿದವರು ಕಾಲಿಗೆ ಕಟ್ಟಿದ ಹಗ್ಗ ಹಿಡಿದು ಅದೇ ದಿಕ್ಕಿಗೆ ಹೊರಳಿಸಬೇಕು. ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ. ಅಲ್ಲಿ "ಪ್ರಕೃತಿ ನೋಡಿಕೊಳ್ಳುತ್ತದೆ" ಎಂದು ಕುಳಿತರೆ ಎಮ್ಮೆಯೂ ಕರುವೂ ಎರಡೂ ಹೋಗುತ್ತವೆ. ಸಹಜ ಕ್ರಿಯೆಯನ್ನು ನಂಬುವುದೆಂದರೆ ಕಣ್ಣುಮುಚ್ಚಿ ಕೂಡುವುದಲ್ಲ, ಕೈಕಟ್ಟಿ ಕಣ್ಣು ಬಿಟ್ಟು ಕೂಡುವುದು. ಹೆಣ್ಣಿನ ಹೆರಿಗೆ ಹೆಚ್ಚು ಕಠಿಣವೆಂಬ ಕಾರಣಕ್ಕೇ ಆಕೆಗೆ ಇನ್ನೂ ಹೆಚ್ಚಿನ ಸಮಾಧಾನ, ಇನ್ನೂ ಹೆಚ್ಚಿನ ನಿಗಾ ಬೇಕು. ಸಿಗುತ್ತಿರುವುದು ಗದರಿಕೆ ಮತ್ತು ಗಡಿಬಿಡಿ.

ಅಂಕಿಗಳನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಶೇ 23.6ರಷ್ಟಿದ್ದ ಕರ್ನಾಟಕದ ಸಿಜೇರಿಯನ್ ಪ್ರಮಾಣ 2019–21ರ ಐದನೇ ಸುತ್ತಿನಲ್ಲಿ ಶೇ 31.5ಕ್ಕೆ ಏರಿದೆ. ದೇಶದ ಮಟ್ಟದಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಶೇ 14.3, ಖಾಸಗಿಯಲ್ಲಿ ಶೇ 47.4. ಒಂದೇ ದೇಶದ ಹೆಣ್ಣುಮಕ್ಕಳ ಮೈ ಆಸ್ಪತ್ರೆಯ ಬೋರ್ಡು ನೋಡಿ ಬದಲಾಗುವುದಿಲ್ಲ. ಖಾಸಗಿಗೆ ಹೋಗುವವರಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಹೆಚ್ಚಿರಬಹುದು, ಮುಹೂರ್ತ ನೋಡಿ ಕೊಯ್ಸಿಕೊಳ್ಳುವ ನಮ್ಮವರದೂ ಪಾಲಿದೆ. ಆದರೂ ಮೂರು ಪಟ್ಟಿನ ಅಂತರ ಇಷ್ಟರಿಂದಲೇ ತುಂಬುವುದಿಲ್ಲ. ಇಡೀ ಜನಸಮುದಾಯವನ್ನು ತೆಗೆದುಕೊಂಡರೆ ಸಿಜೇರಿಯನ್ ಪ್ರಮಾಣ ಶೇ 10ನ್ನು ದಾಟಿದ ಮೇಲೆ ತಾಯಿ ಮಕ್ಕಳ ಸಾವು ಅದರಿಂದ ಮತ್ತಷ್ಟು ತಗ್ಗುವುದು ಕಂಡುಬಂದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಇಷ್ಟು ಕೊಯ್ದ ಮೇಲೂ 2018–20ರ ಲೆಕ್ಕದಲ್ಲಿ ಲಕ್ಷ ಜನನಕ್ಕೆ 69 ತಾಯಂದಿರ ಸಾವು ಕಂಡ ಕರ್ನಾಟಕ ದಕ್ಷಿಣದ ರಾಜ್ಯಗಳಲ್ಲಿ ಎಲ್ಲರಿಗಿಂತ ಹಿಂದಿತ್ತು. ಕೆಲವರಿಗೆ ಬೇಡದ ಶಸ್ತ್ರ, ಕೆಲವರಿಗೆ ಬೇಕಾದಾಗಲೂ ಸಿಗದ ಶಸ್ತ್ರ, ಎರಡೂ ಒಂದೇ ಜಿಲ್ಲೆಯಲ್ಲಿ ಇರುವುದು ಸಾಧ್ಯ.

ನಾನು ಕೇಳುತ್ತಿರುವುದು ಹೊಸದೇನೂ ಅಲ್ಲ. ಹೆರಿಗೆ ಕೋಣೆಯಲ್ಲಿ ಬಸುರಿಯ ಜೊತೆ ಆಪ್ತ ಹೆಂಗಸೊಬ್ಬಳು ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತಿಳಿಸಿದೆ. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ಕೇಂದ್ರ ತಂದ 2017ರ ಲಕ್ಷ್ಯ ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಗೌರವಯುತ ನಡವಳಿಕೆಯನ್ನು ಗುಣಮಟ್ಟದ ಭಾಗವೆಂದೇ ಪರಿಗಣಿಸುತ್ತದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಶಿಫಾರಸುಗಳು ಇನ್ನೂ ಸ್ಪಷ್ಟ: ಗರ್ಭಕೋಶದ ಬಾಯಿ ತಾಸಿಗೆ ಒಂದು ಸೆಂಟಿಮೀಟರ್ ತೆರೆಯಲಿಲ್ಲವೆಂಬ ಒಂದೇ ಕಾರಣಕ್ಕೆ ಮಧ್ಯೆ ಕೈಹಾಕಬಾರದು, ತಾಯಿ ಮಗು ಚೆನ್ನಾಗಿದ್ದರೆ ಐದು ಸೆಂಟಿಮೀಟರ್ ಆಗುವ ಮುನ್ನ ಬ್ಯಾನಿ ಹೆಚ್ಚಿಸುವ ಔಷಧಿಯಾಗಲಿ ಸಿಜೇರಿಯನ್ನಾಗಲಿ ಬೇಡ, ಅಪಾಯದ ಲಕ್ಷಣ ಇಲ್ಲದ ಬಸುರಿ ನಡೆದಾಡಲಿ, ಉಣ್ಣಲಿ, ನೀರು ಕುಡಿಯಲಿ, ತನಗೆ ಹಿತವಾದ ಭಂಗಿಯಲ್ಲಿ ಹೆರಲಿ, ಹೆರಿಗೆ ದಾರಿಯನ್ನು ಎಲ್ಲರಿಗೂ ಕೊಯ್ಯುವುದು ಬೇಡ, ಹೊಟ್ಟೆ ಒತ್ತುವುದು ಬೇಡವೇ ಬೇಡ. ಚೊಚ್ಚಲಿಗೆ ಐದು ಸೆಂಟಿಮೀಟರ್ ನಂತರವೂ ಹನ್ನೆರಡು ತಾಸಿನವರೆಗೆ ಹಿಡಿಯಬಹುದೆಂದು ಅದೇ ದಾಖಲೆ ಹೇಳುತ್ತದೆ. ಮಗಳ ಹೆರಿಗೆಯಲ್ಲಿ ನಡೆದದ್ದರಲ್ಲಿ ಬಹುಪಾಲು ಈ ಪಟ್ಟಿಯಲ್ಲಿ "ಬೇಡ" ಎಂದಿರುವುದೇ.

ತಪ್ಪನ್ನೆಲ್ಲ ಸಿಸ್ಟರುಗಳ ಮೇಲೆ ಹೊರಿಸುವವನು ನಾನಲ್ಲ. ಆ ದಿನ ಮೂರು ಬಸುರಿಯರಿಗೆ ಒಬ್ಬರೇ ಇದ್ದರು, ಅವರೇ ರಿಜಿಸ್ಟರ್ ಬರೆಯಬೇಕು, ಅವರೇ ಫೋನು ಎತ್ತಬೇಕು. ಅರಿವಳಿಕೆ ತಜ್ಞರು ವಾರಕ್ಕೆ ಕೆಲವೇ ದಿನ ಬರುವ ಕಡೆ, ರಾತ್ರಿ ಏನಾದರೂ ಆದರೆ ಹುಬ್ಬಳ್ಳಿಗೆ ಕಳಿಸಬೇಕಾದ ಕಡೆ, ವೈದ್ಯರು ಬೆಳಕಿರುವಾಗಲೇ ಮುಗಿಸಿಬಿಡೋಣ ಎನ್ನುವುದು ನನಗೆ ಅರ್ಥವಾಗುತ್ತದೆ. ಏನಾದರೂ ಹೆಚ್ಚುಕಮ್ಮಿಯಾದರೆ ಆಸ್ಪತ್ರೆಯ ಗಾಜು ಒಡೆಯುವ ಜನ ನಾವೇ. ಕಾಯಬೇಕೆಂದರೆ ಕಾಯುವವರ ಬೆನ್ನಿಗೆ ರಕ್ತ, ಅರಿವಳಿಕೆ, ಆಂಬುಲೆನ್ಸ್ ಇರಬೇಕು. ಅದನ್ನು ಒದಗಿಸುವ ಅಧಿಕಾರ ತಮ್ಮ ಕೈಯಲ್ಲಿದೆ, ಆದ್ದರಿಂದಲೇ ಈ ಪತ್ರ ತಮಗೆ.

ನನ್ನ ವಿನಂತಿಗಳಿವು. ಮೂರೂ ಜಿಲ್ಲೆಗಳ ಪ್ರತಿ ಹೆರಿಗೆ ಕೋಣೆಯಲ್ಲಿ ತಾಯಿ, ಅತ್ತೆ, ಅಕ್ಕ, ಯಾರನ್ನು ಬಸುರಿ ಬಯಸುತ್ತಾಳೋ ಅವರೊಬ್ಬರನ್ನು ಜೊತೆಗೆ ಬಿಡುವಂತೆ ಲಿಖಿತ ಸುತ್ತೋಲೆ ಹೊರಡಿಸಿ, ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬಾಗಿಲ ಮೇಲೆ ಹಾಕಿಸಬೇಕು. ಜಾಗ ಇಕ್ಕಟ್ಟು ಎನ್ನುವ ಕಡೆ ಎರಡು ಮೇಜುಗಳ ನಡುವೆ ಒಂದು ಪರದೆ ಸಾಕು, ಅದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಬ್ಯಾನಿ ಹೆಚ್ಚಿಸುವ ಔಷಧಿ ಹಾಕುವ ಮುನ್ನ ಅದರ ಕಾರಣವನ್ನು ಬಸುರಿಗೆ ಹೇಳಿ, ಕೇಸ್ ಶೀಟಿನಲ್ಲಿ ಬರೆದು ಸಹಿ ಹಾಕುವ ಪದ್ಧತಿ ಬರಬೇಕು; ಹೊಟ್ಟೆ ಒತ್ತುವುದನ್ನು ಇಂದೇ ನಿಲ್ಲಿಸಬೇಕು. ಆರೋಗ್ಯವಂತ ಕೂಸನ್ನು ಹುಟ್ಟಿದ ಕೂಡಲೇ ತಾಯಿಯ ಎದೆಯ ಮೇಲೆ ಹಾಕಿ, ಹೊಕ್ಕುಳಬಳ್ಳಿಯನ್ನು ಒಂದು ನಿಮಿಷವಾದರೂ ತಡೆದು ಕತ್ತರಿಸಿ, ಮೊದಲ ಗಂಟೆಯೊಳಗೆ ಎದೆಹಾಲು ಕುಡಿಸಬೇಕು. ಗಿಣ್ಣದ ಹಾಲು ತಡವಾದರೆ ಕರು ಉಳಿಯುವುದು ಕಷ್ಟವೆಂದು ನಮ್ಮ ರೈತರು ಅರ್ಧರಾತ್ರಿಯಲ್ಲೂ ಎದ್ದು ಕುಡಿಸುತ್ತಾರೆ. ಮನುಷ್ಯರ ಕೂಸಿಗೆ ಗರ್ಭದಲ್ಲೇ ತಾಯಿಯಿಂದ ಒಂದಷ್ಟು ರಕ್ಷಣೆ ಬಂದಿರುತ್ತದೆಂಬುದು ಅದನ್ನು ಕಾಯಿಸಲು ನೆಪವಾಗಬಾರದು.

ಇನ್ನೆರಡು ದೊಡ್ಡ ಕೆಲಸಗಳಿವೆ. ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ಆಸ್ಪತ್ರೆಯ ಸಿಜೇರಿಯನ್ ಲೆಕ್ಕವನ್ನು ಚೊಚ್ಚಲೇ, ಹಿಂದೆ ಸಿಜೇರಿಯನ್ ಆಗಿದೆಯೇ, ಮಗುವಿನ ತಲೆ ಕೆಳಗಿದೆಯೇ ಮುಂತಾದವುಗಳನ್ನು ನೋಡಿ ಬಸುರಿಯರನ್ನು ಬೇರ್ಪಡಿಸುವ, ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿರುವ ರಾಬ್ಸನ್ ವರ್ಗೀಕರಣದ ಹತ್ತು ಗುಂಪುಗಳಲ್ಲಿ ವಿಂಗಡಿಸಿ ಜಿಲ್ಲಾ ಮಟ್ಟದಲ್ಲಿ ಪ್ರಕಟಿಸಬೇಕು. ಹಾಗೆ ಮಾಡಿದರೆ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಿಗೆ ಕಠಿಣ ಪ್ರಕರಣಗಳೇ ಬರುತ್ತವೆಂಬ ಸತ್ಯವೂ ಉಳಿಯುತ್ತದೆ. ತೊಂದರೆಯಿಲ್ಲದ ಚೊಚ್ಚಲು ಬಸುರಿಯರನ್ನು ಯಾರು ಎಷ್ಟು ಕೊಯ್ಯುತ್ತಿದ್ದಾರೆಂಬುದೂ ಕಾಣುತ್ತದೆ. ಎರಡನೆಯದು ಸೂಲಗಿತ್ತಿಯರ ಜಾಗಕ್ಕೆ ಬರಬೇಕಾದವರ ವಿಷಯ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟು ಎಲ್ಲರೂ ಚಪ್ಪಾಳೆ ತಟ್ಟಿದೆವು. ಅದೇ ವರ್ಷ ಕೇಂದ್ರ ಸರ್ಕಾರ ನರ್ಸುಗಳಿಗೆ ಹದಿನೆಂಟು ತಿಂಗಳ ಪ್ರಸೂತಿ ತರಬೇತಿ ಕೊಟ್ಟು ಸಹಜ ಹೆರಿಗೆಗಳ ಹೊಣೆಯನ್ನು ಅವರಿಗೇ ವಹಿಸುವ ಮಾರ್ಗಸೂಚಿ ತಂದಿತು. ನೆರೆಯ ತೆಲಂಗಾಣದ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂಥ ತರಬೇತಿ ಪಡೆದವರು ಕೆಲಸ ಮಾಡುತ್ತಿದ್ದಾರೆ. ನಮ್ಮ ತಾಲ್ಲೂಕು ಆಸ್ಪತ್ರೆಗಳ ನರ್ಸುಗಳನ್ನು ಈ ತರಬೇತಿಗೆ ಕಳಿಸಿ, ಮರಳಿ ಬಂದ ಮೇಲೆ ಅವರನ್ನು ಬೇರೆ ವಾರ್ಡಿಗೆ ಹಾಕದೆ ಹೆರಿಗೆ ಕೋಣೆಯಲ್ಲೇ ಉಳಿಸಿಕೊಳ್ಳಬೇಕು. ಜೊತೆಗೆ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲು ರಾತ್ರಿ ಅರಿವಳಿಕೆ ತಜ್ಞರು ಮತ್ತು ರಕ್ತ ಸಂಗ್ರಹ ಘಟಕ ಇರುವಂತೆ ನೋಡಿಕೊಳ್ಳಬೇಕು; ಇದಿಲ್ಲದೆ ಉಳಿದದ್ದನ್ನು ಕೇಳುವುದು ವೈದ್ಯರಿಗೆ ಅನ್ಯಾಯ.

ಮೇಲೆ ಹೇಳಿದ ಪ್ರಕರಣದ ದಿನಾಂಕ, ಆಸ್ಪತ್ರೆಯ ಹೆಸರು ಮತ್ತು ಬಿಡುಗಡೆ ಪತ್ರದ ನಕಲನ್ನು ತಾವು ಕರೆದು ಕೇಳಿದರೆ ಮುಚ್ಚಿದ ಲಕೋಟೆಯಲ್ಲಿ ಕೊಡಲು ಸಿದ್ಧನಿದ್ದೇನೆ, ಮಗಳ ಒಪ್ಪಿಗೆಯೂ ಇದೆ. ಯಾರ ಮೇಲೂ ಶಿಸ್ತುಕ್ರಮ ಆಗಬೇಕೆಂಬ ಹಟ ನಮಗಿಲ್ಲ. ಈ ವಿನಂತಿಗಳಲ್ಲಿ ಯಾವುವು ಈಗಾಗಲೇ ಜಾರಿಯಲ್ಲಿವೆ, ಯಾವುವು ಇಲ್ಲ, ಇಲ್ಲದವು ಯಾವಾಗ ಬರುತ್ತವೆ ಎಂಬುದಕ್ಕೆ ಮೂರೂ ಕಚೇರಿಗಳಿಂದ ಲಿಖಿತ ಉತ್ತರ ಕೋರುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯಕೀಯ ಪರಿವೀಕ್ಷಕ
ಸವಣೂರು ತಾಲ್ಲೂಕು, ಹಾವೇರಿ ಜಿಲ್ಲೆ